ಗೊಬ್ಬರದ ಮೂಟೆಯಲ್ಲಿ ನೀರೆಷ್ಟು, ಸತ್ವವೆಷ್ಟು

ಗೊಬ್ಬರ ಮಾರಾಟವಾಗುವುದು ಮೂಟೆಯ ತೂಕದಲ್ಲಿ. ಬೆಳೆ ಅದನ್ನು ಉಣ್ಣುವುದು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಅಂಶದಲ್ಲಿ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಪ್ರಯೋಗಾಲಯದಲ್ಲಿ ಅಳೆಯುವ ವಿದ್ಯೆಗೆ ಸುಮಾರು 180 ವರ್ಷಗಳ ಚರಿತ್ರೆಯಿದೆ. ಅದಕ್ಕೂ ಮುಂಚೆ ಹೀಗೆ ಅಳೆಯುವ ಅಗತ್ಯವೇ ಬಿದ್ದಿರಲಿಲ್ಲ. ಹಿತ್ತಲ ತಿಪ್ಪೆಯ ಗೊಬ್ಬರದಲ್ಲಿ ಏನು ಬಿದ್ದಿದೆ, ಎಷ್ಟು ದಿನ ಕೊಳೆತಿದೆ, ಮಳೆಯಲ್ಲಿ ಎಷ್ಟು ನೆನೆದಿದೆ ಎಂಬುದೆಲ್ಲ ಮನೆಯವರಿಗೆ ಗೊತ್ತಿತ್ತು. ಎಕರೆಗೆ ಇಷ್ಟು ಬಂಡಿ ಎಂದರೆ ಲೆಕ್ಕ ಮುಗಿಯಿತು. ಹಸಿ ಸಗಣಿಯ ಐದು ಪಾಲಿನಲ್ಲಿ ನಾಲ್ಕು ಪಾಲು ನೀರೇ ಆದರೂ ಆ ನೀರಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಗೊಬ್ಬರ ಹಡಗೇರಿ ಬಂದು ಅಂಗಡಿಯ ಸರಕಾದ ಮೇಲೆ ಮಾತ್ರ ಒಳಗೇನಿದೆ ಎಂಬ ಪ್ರಶ್ನೆ ಎದ್ದಿತು.

ಆ ಸರಕು ಗ್ವಾನೋ. ಪೆರು ದೇಶದ ಕರಾವಳಿಯಾಚೆಯ ಚಿಂಚಾ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಸಾವಿರಾರು ವರ್ಷ ಗುಡ್ಡಗುಡ್ಡವಾಗಿ ಬಿದ್ದಿತ್ತು. ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಅದರಿಂದಾಗಿ ನೀರಿನಲ್ಲಿ ಕರಗುವ ಸಾರಜನಕ ಕೊಚ್ಚಿಹೋಗದೆ ಹಾಗೇ ಉಳಿದಿತ್ತು. 1840ರ ದಶಕದಲ್ಲಿ ಬ್ರಿಟನ್ನಿನ ಬಂದರುಗಳಿಗೆ ಗ್ವಾನೋ ಹಡಗುಗಟ್ಟಲೆ ಬರತೊಡಗಿತು. 1840ರಲ್ಲೇ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಲೀಬಿಗ್ ಕೃಷಿ ರಸಾಯನದ ಬಗ್ಗೆ ಬರೆದ ಪುಸ್ತಕ ಹೊರಬಂದು, ಗಿಡಕ್ಕೆ ಬೇಕಾದದ್ದು ಇಂತಿಂಥ ಮೂಲವಸ್ತುಗಳು ಎಂಬ ಮಾತು ಓದುಬಲ್ಲ ರೈತರಲ್ಲಿ ಹರಡಿತ್ತು. ಬೇಡಿಕೆ ಏರಿತು, ಬೆಲೆಯೂ ಏರಿತು, ಬೆನ್ನಿಗೇ ಕಲಬೆರಕೆಯೂ ಬಂತು. ಘಾಟು ವಾಸನೆಯ ಕಂದು ಪುಡಿಗೆ ಜೇಡಿಮಣ್ಣು, ಮರಳು, ಇಟ್ಟಿಗೆಪುಡಿ, ಜಿಪ್ಸಂ, ಮರದ ಹೊಟ್ಟು ಯಾವುದು ಬೆರೆತರೂ ಕಣ್ಣಿಗೆ ಕಾಣುತ್ತಿರಲಿಲ್ಲ. ಎಲ್ಲಕ್ಕಿಂತ ಸುಲಭವಾದ ಕಲಬೆರಕೆ ನೀರು. ಅದಕ್ಕೆ ಖರ್ಚಿಲ್ಲ, ಬಣ್ಣ ಕೆಡಿಸುವುದಿಲ್ಲ, ಸಿಕ್ಕಿಬಿದ್ದರೆ ಸಮುದ್ರದ ಗಾಳಿಯ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು.

ಆ ಕಾಲದ ರಸಾಯನಜ್ಞರು ರೈತರಿಗೆ ಹೇಳಿಕೊಟ್ಟ ಪರೀಕ್ಷೆಗಳು ಸರಳವಾಗಿದ್ದವು. ಒಂದು ಚಿಟಿಕೆ ಗ್ವಾನೋವನ್ನು ಕಬ್ಬಿಣದ ಸೌಟಿನಲ್ಲಿ ಕೆಂಪಗೆ ಕಾಯಿಸಿದರೆ ಅಸಲಿ ಮಾಲು ಬಿಳಿಯ ಬೂದಿ ಬಿಡುತ್ತದೆ. ಮಣ್ಣು ಬೆರೆತಿದ್ದರೆ ಬೂದಿ ಕಂದಾಗಿ, ಹೆಚ್ಚಾಗಿ ಉಳಿಯುತ್ತದೆ. ಸುಣ್ಣ ಸೇರಿಸಿ ತಿಕ್ಕಿದರೆ ಅಮೋನಿಯಾ ಮೂಗಿಗೆ ಅಡರಬೇಕು. ಕರ್ನಾಟಕದ ರೈತರಿಗೆ ಇಂದಿಗೂ ಹೇಳಿಕೊಡುವ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಪರೀಕ್ಷೆ ಇದೇ: ನಾಲ್ಕು ಕಾಳು ಡಿಎಪಿಯನ್ನು ಅಂಗೈಯಲ್ಲಿ ಹಾಕಿ, ಸುಣ್ಣ ಸೇರಿಸಿ ತಂಬಾಕು ತಿಕ್ಕಿದಂತೆ ತಿಕ್ಕಿದರೆ ಮೂಗು ಮುಚ್ಚಿಕೊಳ್ಳುವಷ್ಟು ಘಾಟು ಬರಬೇಕು. ಇಂಥ ಪರೀಕ್ಷೆ ಸತ್ವ ಇದೆಯೋ ಇಲ್ಲವೋ ಎಂದು ಹೇಳಬಲ್ಲದು, ಎಷ್ಟಿದೆ ಎಂದು ಹೇಳಲಾರದು.

ಎಷ್ಟು ಎಂದು ಹೇಳುವ ಕೆಲಸ ಕೈಗೆತ್ತಿಕೊಂಡವರು ಕೃಷಿ ಸಂಘಗಳ ಸಲಹಾ ರಸಾಯನಜ್ಞರು. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯಲ್ಲಿ ಮೊದಲು ಥಾಮಸ್ ವೇ, 1857ರಿಂದ ಜರ್ಮನ್ ಮೂಲದ ಅಗಸ್ಟಸ್ ವೋಲ್ಕರ್ ಈ ಹುದ್ದೆಯಲ್ಲಿದ್ದರು. ಸದಸ್ಯರು ಕಳಿಸಿದ ಗೊಬ್ಬರ, ಹಿಂಡಿಗಳನ್ನು ಪರೀಕ್ಷಿಸಿ, ಮೋಸ ಕಂಡರೆ ವರದಿಯಲ್ಲಿ ಬಯಲಿಗೆಳೆಯುವುದು ವೋಲ್ಕರರ ಕಾಲದಲ್ಲಿ ರೂಢಿಯಾಯಿತು. ಜರ್ಮನಿಯಲ್ಲಿ ಲೈಪ್‌ಸಿಗ್ ಬಳಿಯ ಮ್ಯೋಕರ್ನ್‌ನಲ್ಲಿ 1851ರಲ್ಲಿ ಕೃಷಿ ಪ್ರಯೋಗ ಕೇಂದ್ರ ತೆರೆಯಿತು. ಜರ್ಮನಿಗೆ ಓದಲು ಹೋಗಿ ಮರಳಿದ ಸ್ಯಾಮ್ಯುಯೆಲ್ ಜಾನ್ಸನ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಅಂಗಡಿಗಳ ಗೊಬ್ಬರವನ್ನು 1850ರ ದಶಕದಲ್ಲಿ ಪರೀಕ್ಷೆಗೆ ಒಡ್ಡಿದರು. ಅವರ ಲೆಕ್ಕ ಕಿರಾಣಿ ಅಂಗಡಿಯ ಲೆಕ್ಕದಂತೆ ನೇರವಾಗಿತ್ತು. ಅಮೋನಿಯಾ ಪೌಂಡಿಗೆ ಇಷ್ಟು, ಫಾಸ್ಫಾರಿಕ್ ಆಮ್ಲ ಪೌಂಡಿಗೆ ಇಷ್ಟು, ಪೊಟ್ಯಾಷ್ ಇಷ್ಟು ಎಂದು ದರ ಕಟ್ಟಿ, ಒಂದು ಟನ್ ಗೊಬ್ಬರಕ್ಕೆ ಅಸಲಿ ಬೆಲೆ ಎಷ್ಟು, ವ್ಯಾಪಾರಿ ಕೇಳುತ್ತಿರುವುದೆಷ್ಟು ಎಂದು ಅಕ್ಕಪಕ್ಕ ಇಟ್ಟು ತೋರಿಸಿದರು. ಆ ಲೆಕ್ಕದಲ್ಲಿ ನೀರಿನ ಬೆಲೆ ಸೊನ್ನೆ. ಅಮೆರಿಕದ ಮೊದಲ ರಾಜ್ಯ ಕೃಷಿ ಪ್ರಯೋಗ ಕೇಂದ್ರ 1875ರಲ್ಲಿ ಅದೇ ಕನೆಕ್ಟಿಕಟ್‌ನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ.

ಸಾರಜನಕದ ಅಳತೆಯೇ ಆಗ ದೊಡ್ಡ ತಲೆನೋವು. ಫ್ರಾನ್ಸಿನ ಡ್ಯೂಮಾ 1830ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನದಲ್ಲಿ ವಸ್ತುವನ್ನು ತಾಮ್ರದ ಆಕ್ಸೈಡಿನೊಂದಿಗೆ ಸುಟ್ಟು, ಹೊರಬಂದ ಸಾರಜನಕ ಅನಿಲದ ಗಾತ್ರವನ್ನು ಅಳೆಯಬೇಕಿತ್ತು. ಫಲಿತಾಂಶ ನಿಖರ, ಆದರೆ ಒಂದು ಮಾದರಿಗೇ ಅರ್ಧ ದಿನ ಹೋಗುತ್ತಿತ್ತು. 1841ರಲ್ಲಿ ಲೀಬಿಗ್ ಅವರ ಪ್ರಯೋಗಾಲಯದ ವಿಲ್ ಮತ್ತು ವಾರೆನ್‌ಟ್ರಾಪ್, ಮಾದರಿಯನ್ನು ಗಾಜಿನ ಕೊಳವೆಯಲ್ಲಿ ಸೋಡಾ ಸುಣ್ಣದೊಂದಿಗೆ ಕಾಯಿಸಿ ಸಾರಜನಕವನ್ನು ಅಮೋನಿಯಾ ಆಗಿ ಹಿಡಿಯುವ ದಾರಿ ತೋರಿಸಿದರು. ಗ್ವಾನೋ ವ್ಯಾಪಾರದ ತೀರ್ಪುಗಳು ಬಹುಪಾಲು ಈ ಗಾಜಿನ ಕೊಳವೆಯಿಂದಲೇ ಬಂದವು.

ಇವತ್ತಿಗೂ ಪಠ್ಯಪುಸ್ತಕದಲ್ಲಿ ಉಳಿದಿರುವ ವಿಧಾನ ಬಂದದ್ದು ಬಿಯರ್ ಕಾರ್ಖಾನೆಯಿಂದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಅವರಿಗೆ ಬೇಕಿದ್ದದ್ದು ಬಾರ್ಲಿಯಲ್ಲಿ ಪ್ರೋಟೀನ್ ಎಷ್ಟಿದೆ ಎಂಬ ಲೆಕ್ಕ, ಅದೂ ದಿನಕ್ಕೆ ಹತ್ತಾರು ಮಾದರಿಗಳದ್ದು. 1883ರಲ್ಲಿ ಅವರು ಪ್ರಕಟಿಸಿದ ಕ್ರಮದಲ್ಲಿ ಮಾದರಿಯನ್ನು ಗಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಬೇಕು. ಮೊದಲು ಇದ್ದಿಲಿನಂತೆ ಕಪ್ಪಾಗಿ ನೊರೆಯೇಳುವ ದ್ರಾವಣ ನಿಧಾನಕ್ಕೆ ಕಂದಾಗಿ, ಹೊಂಬಣ್ಣಕ್ಕೆ ತಿರುಗಿ, ಕಡೆಗೆ ತಿಳಿಯಾಗುತ್ತದೆ. ಫ್ಲಾಸ್ಕಿನ ಕುತ್ತಿಗೆಯಲ್ಲಿ ಬಿಳಿ ಹೊಗೆ ಸುತ್ತುತ್ತಿರುತ್ತದೆ. ಅಷ್ಟರಲ್ಲಿ ಸಾರಜನಕವೆಲ್ಲ ಅಮೋನಿಯಂ ಸಲ್ಫೇಟ್ ಆಗಿರುತ್ತದೆ. ತಣಿದ ಮೇಲೆ ಕಾಸ್ಟಿಕ್ ಸೋಡಾ ಹಾಕಿ ಬಟ್ಟಿಯಿಳಿಸಿದರೆ ಅಮೋನಿಯಾ ಹಬೆಯೊಂದಿಗೆ ಬಂದು ಆಮ್ಲದಲ್ಲಿ ಸಿಕ್ಕಿಕೊಳ್ಳುತ್ತದೆ. ಅಮೋನಿಯಾಕ್ಕೆ ಖರ್ಚಾದ 0.1 ನಾರ್ಮಲ್ ಆಮ್ಲವನ್ನು ಬ್ಯೂರೆಟ್ಟಿನಿಂದ ಅಳೆದು, ಅದರ ಪ್ರತಿ ಮಿಲಿಲೀಟರಿಗೆ 1.4 ಮಿಲಿಗ್ರಾಂ ಸಾರಜನಕ ಎಂದು ಗುಣಿಸಿದರೆ ಉತ್ತರ ಸಿಕ್ಕಿತು. ಕಾರ್ಖಾನೆಯ ಒಡೆಯರು ಪ್ರಯೋಗಾಲಯದ ಶೋಧಗಳನ್ನು ಗುಟ್ಟಾಗಿಡದೆ ಪ್ರಕಟಿಸುವ ನೇಮ ಹಾಕಿಕೊಂಡಿದ್ದರಿಂದ ವಿಧಾನ ಕೆಲವೇ ವರ್ಷಗಳಲ್ಲಿ ಯುರೋಪು, ಅಮೆರಿಕಗಳ ಗೊಬ್ಬರ ಪ್ರಯೋಗಾಲಯಗಳನ್ನೆಲ್ಲ ಹೊಕ್ಕಿತು. ಅದರ ಮುಖ್ಯ ಕೊರತೆ: ನೈಟ್ರೇಟ್ ರೂಪದ ಸಾರಜನಕ ಇದರ ಕೈಗೆ ಸಿಗುವುದಿಲ್ಲ. ಅದಕ್ಕೆ ಸ್ಯಾಲಿಸಿಲಿಕ್ ಆಮ್ಲದ ತಿದ್ದುಪಡಿ, ಡೆವಾರ್ಡ ಮಿಶ್ರಲೋಹ ಮುಂತಾದ ಉಪಾಯಗಳು ಹತ್ತು ವರ್ಷದೊಳಗೆ ಸೇರಿಕೊಂಡವು.

ರಂಜಕದ ಜಗಳ ಬೇರೆ ತೆರನಾದದ್ದು. ಅಲ್ಲಿ ಅಳೆಯುವುದು ಹೇಗೆ ಎಂಬುದಕ್ಕಿಂತ ಅಳೆಯಬೇಕಾದದ್ದು ಯಾವುದನ್ನು ಎಂಬುದೇ ಇತ್ಯರ್ಥವಾಗಿರಲಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಜಾನ್ ಬೆನೆಟ್ ಲಾಸ್ 1842ರಲ್ಲಿ ಪೇಟೆಂಟ್ ಪಡೆದ ಸೂಪರ್‌ಫಾಸ್ಫೇಟ್‌ನಲ್ಲಿ ಮೂಳೆ ಅಥವಾ ರಂಜಕದ ಕಲ್ಲನ್ನು ಸಲ್ಫ್ಯೂರಿಕ್ ಆಮ್ಲದಿಂದ ಹದಗೊಳಿಸಿ ನೀರಿನಲ್ಲಿ ಕರಗುವಂತೆ ಮಾಡಲಾಗುತ್ತಿತ್ತು. ಆದರೆ ಗೋದಾಮಿನಲ್ಲಿ ಕೂತಷ್ಟೂ ಅದರ ಒಂದು ಪಾಲು ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣದೊಂದಿಗೆ ಸೇರಿ ಮತ್ತೆ ನೀರಿಗೆ ಜಗ್ಗದ ರೂಪಕ್ಕೆ ಮರಳುತ್ತಿತ್ತು. ಹೀಗೆ ಮರಳಿದ ರಂಜಕ ಗಿಡಕ್ಕೆ ಸಿಗುತ್ತದೆಯೇ, ಅದಕ್ಕೆ ರೈತ ದುಡ್ಡು ಕೊಡಬೇಕೇ? ಅಮೋನಿಯಂ ಸಿಟ್ರೇಟ್ ದ್ರಾವಣದಲ್ಲಿ ಕರಗುವಷ್ಟನ್ನು ಗಿಡಕ್ಕೆ ಸಿಗುವ ರಂಜಕ ಎಂದು ಪರಿಗಣಿಸಬಹುದು ಎಂದು ಜರ್ಮನಿಯಲ್ಲಿ ಫ್ರೆಸೇನಿಯಸ್ ಮತ್ತು ಸಂಗಡಿಗರು 1871ರಲ್ಲಿ ಒಂದು ದಾರಿ ಕಂಡುಕೊಂಡರು. ಆ ದ್ರಾವಣ ಎಷ್ಟು ಬಿಸಿಯಿರಬೇಕು, ಎಷ್ಟು ಹೊತ್ತು ಕಲಕಬೇಕು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಕೈ. ಒಂದೇ ಚೀಲದ ಗೊಬ್ಬರ ಒಂದು ರಾಜ್ಯದಲ್ಲಿ ಪಾಸಾಗಿ, ಪಕ್ಕದ ರಾಜ್ಯದಲ್ಲಿ ಫೇಲಾಗತೊಡಗಿತು.

ಅಮೆರಿಕದ ರಸಾಯನಜ್ಞರು ಇದನ್ನು ತೀರ್ಮಾನಿಸಲು 1880ರಿಂದ ಸಭೆ ಸೇರತೊಡಗಿ, 1884ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಅಧಿಕೃತ ಕೃಷಿ ರಸಾಯನಜ್ಞರ ಸಂಘವನ್ನು (ಎಒಎಸಿ) ಕಟ್ಟಿದರು. ಇಂದು ಜಗತ್ತಿನ ಆಹಾರ, ಔಷಧ ಪ್ರಯೋಗಾಲಯಗಳು ವೇದವೆಂದು ನಂಬುವ ಎಒಎಸಿ ವಿಧಾನಗಳ ಮೂಲ ಈ ಗೊಬ್ಬರದ ಜಗಳವೇ. ಒಂದೇ ಮಾದರಿಯನ್ನು ಹಲವು ಪ್ರಯೋಗಾಲಯಗಳಿಗೆ ಹಂಚಿ, ಬಂದ ಉತ್ತರಗಳನ್ನು ಹೋಲಿಸಿ, ಎಲ್ಲರ ಕೈಯಲ್ಲೂ ಹತ್ತಿರಹತ್ತಿರದ ಸಂಖ್ಯೆ ಕೊಡುವ ವಿಧಾನವನ್ನಷ್ಟೇ ಅಧಿಕೃತ ಎನ್ನುವ ಪದ್ಧತಿಯನ್ನು ಸಂಘ ರೂಢಿಗೆ ತಂದಿತು. ಬ್ರಿಟನ್ನಿನಲ್ಲಿ 1893ರ ಗೊಬ್ಬರ ಮತ್ತು ಪಶು ಆಹಾರ ಕಾಯ್ದೆ ಮಾರಾಟಗಾರ ಅಂಶಗಳನ್ನು ಬರೆದುಕೊಡಬೇಕು ಎಂದು ವಿಧಿಸಿತು.

ಪೊಟ್ಯಾಷ್‌ನದು ಚಿಕ್ಕ ಕಥೆ. ಅದನ್ನು ಪ್ಲಾಟಿನಂ ಲವಣವಾಗಿ ಒತ್ತರಿಸಿ ತೂಗುತ್ತಿದ್ದರು. ಪ್ಲಾಟಿನಂ ದುಬಾರಿಯಾದ್ದರಿಂದ ಪ್ರತಿ ಪ್ರಯೋಗಾಲಯವೂ ತೊಳೆದ ನೀರನ್ನೂ ಚೆಲ್ಲದೆ ಕೂಡಿಡುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಜ್ವಾಲೆಯ ಬಣ್ಣ ಅಳೆಯುವ ಫ್ಲೇಮ್ ಫೋಟೊಮೀಟರ್ ಮತ್ತು ಟೆಟ್ರಾಫಿನೈಲ್ ಬೋರೇಟ್ ಬಂದು ಆ ಪಡಿಪಾಟಲು ತಪ್ಪಿತು.

ಹಳೆಯ ತಕ್ಕಡಿಯ ನೆನಪೊಂದು ಮಾತ್ರ ಇಂದಿನ ಚೀಲದ ಮೇಲೂ ಅಚ್ಚಾಗುತ್ತಿದೆ. ಎಂಒಪಿಯಲ್ಲಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಶೇ 60 ಪೊಟ್ಯಾಷ್, ಡಿಎಪಿಯಲ್ಲಿ ಶೇ 46 ರಂಜಕ ಎಂದು ಬರೆದಿರುವುದು ಆಕ್ಸೈಡ್ ಲೆಕ್ಕದಲ್ಲಿ. ಯಾವ ಚೀಲದಲ್ಲೂ ಆ ಆಕ್ಸೈಡ್‌ಗಳಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಬೂದಿಯ ಅಂಶಗಳನ್ನೆಲ್ಲ ಆಕ್ಸೈಡ್ ಆಗಿ ಲೆಕ್ಕ ಹಾಕುವ ರೂಢಿಯಿತ್ತು, ಆ ರೂಢಿ ಕಾನೂನಿಗೂ ಇಳಿಯಿತು. ನಿಜವಾದ ಮೂಲವಸ್ತುವಿನ ಲೆಕ್ಕದಲ್ಲಿ ಡಿಎಪಿಯ ರಂಜಕ ಸುಮಾರು ಶೇ 20, ಎಂಒಪಿಯ ಪೊಟ್ಯಾಸಿಯಂ ಸುಮಾರು ಶೇ 50. ಸಾರಜನಕವೊಂದು ಮಾತ್ರ ತನ್ನ ಹೆಸರಿನಲ್ಲೇ ಇದೆ.

ಈ ಎಲ್ಲದರ ಪಕ್ಕದಲ್ಲಿ ತೇವಾಂಶದ ಅಳತೆ ಮಕ್ಕಳಾಟದಂತೆ ಕಾಣುತ್ತದೆ. ತೂಗು, ಒಣಗಿಸು, ಮತ್ತೆ ತೂಗು, ಕಡಿಮೆಯಾದದ್ದು ನೀರು. ಗೊಬ್ಬರದ ಮಟ್ಟಿಗೆ ಇದು ಹೆಜ್ಜೆಹೆಜ್ಜೆಗೂ ಎಡವಿಸುವ ಸೂತ್ರ. ಗ್ವಾನೋವನ್ನು 100 ಡಿಗ್ರಿಯಲ್ಲಿ ಒಣಗಿಸಿದರೆ ನೀರಿನ ಜೊತೆಗೆ ಅಮೋನಿಯಾವೂ ಹಾರಿಹೋಗುತ್ತದೆ. ತಕ್ಕಡಿಗೆ ಎರಡರ ವ್ಯತ್ಯಾಸ ತಿಳಿಯದು. ಸಾರಜನಕ ಹೆಚ್ಚಿರುವ ಒಳ್ಳೆಯ ಮಾಲೇ ಹೆಚ್ಚು ಒದ್ದೆ ಎಂಬ ಹಣೆಪಟ್ಟಿ ಹೊರುತ್ತದೆ. ಹೊರಡುವ ಹಬೆಯನ್ನು ಆಮ್ಲದ ಮೂಲಕ ಹಾಯಿಸಿ, ಸಿಕ್ಕ ಅಮೋನಿಯಾವನ್ನು ಕಳೆದ ಮೇಲೆಯೇ ನೀರಿನ ಲೆಕ್ಕ ಸರಿಯಾಗುತ್ತದೆ. ಸೂಪರ್‌ಫಾಸ್ಫೇಟಿನ ತೊಡಕು ಇನ್ನೊಂದು. ಅದರ ಅರ್ಧದಷ್ಟು ಜಿಪ್ಸಂ. ಜಿಪ್ಸಂ ತನ್ನ ಹರಳಿನೊಳಗೇ ನೀರನ್ನು ಕಟ್ಟಿಕೊಂಡಿರುತ್ತದೆ, ಕರಗುವ ಕ್ಯಾಲ್ಸಿಯಂ ಫಾಸ್ಫೇಟೂ ಹಾಗೆಯೇ. ಓವನ್ ಸ್ವಲ್ಪ ಹೆಚ್ಚು ಕಾದರೆ ಈ ಕಟ್ಟುನೀರೂ ಬಿಟ್ಟುಕೊಂಡು ಒಣ ಗೊಬ್ಬರ ಒದ್ದೆ ಎನಿಸಿಕೊಳ್ಳುತ್ತದೆ. ಯೂರಿಯಾ ಹೆಚ್ಚು ಬಿಸಿಗೆ ಒಡೆದು ಅಮೋನಿಯಾ ಬಿಡುತ್ತದೆ, ಉಳಿದದ್ದರಲ್ಲಿ ಬೈಯೂರೆಟ್ ಎಂಬ ಇನ್ನೊಂದು ವಸ್ತು ಹುಟ್ಟುತ್ತದೆ. ಅಮೋನಿಯಂ ಸಲ್ಫೇಟ್, ಪೊಟ್ಯಾಷ್ ಲವಣಗಳು ಮಾತ್ರ 130 ಡಿಗ್ರಿಯನ್ನೂ ತಡೆದುಕೊಳ್ಳುವ ಗಟ್ಟಿ ಪಿಂಡಗಳು.

ಆದಕಾರಣ ಗೊಬ್ಬರಕ್ಕೊಂದು ತೇವಾಂಶದ ಕ್ರಮ ಬೆಳೆಯಿತು. ಬಿಸಿಗೆ ಹೆದರುವ ಮಾಲಿಗೆ ಕಡಿಮೆ ಬಿಸಿಯ ನಿರ್ವಾತ ಓವನ್, ಇಲ್ಲವೇ ಬಿಸಿಯೇ ಇಲ್ಲದ ನಿರ್ವಾತ ಡೆಸಿಕೇಟರ್. ಎರಡನೆಯದರಲ್ಲಿ ಮಾದರಿಯನ್ನು ನೀರುಬಾಕ ರಾಸಾಯನಿಕವೊಂದರ ಪಕ್ಕದಲ್ಲಿ 25–30 ಡಿಗ್ರಿಯಲ್ಲಿ ಸುಮಾರು 16 ಗಂಟೆ ಕೂರಿಸುತ್ತಾರೆ. ಸಂಜೆ ಇಟ್ಟರೆ ಮರುದಿನ ಬೆಳಿಗ್ಗೆ ತೂಗುವುದು. ಈ ಕಾಯುವಿಕೆಗೆ ಪರಿಹಾರ ಕೊಟ್ಟವರು ಜರ್ಮನಿಯ ಪೆಟ್ರೋಲಿಯಂ ರಸಾಯನಜ್ಞ ಕಾರ್ಲ್ ಫಿಷರ್. 1935ರಲ್ಲಿ ಅವರು ಅಯೋಡಿನ್, ಗಂಧಕದ ಡೈಆಕ್ಸೈಡ್, ಪಿರಿಡಿನ್, ಮೆಥನಾಲ್‌ಗಳ ಒಂದು ಮಿಶ್ರಣ ಮಾಡಿದರು. ಅದರಲ್ಲಿ ಒಂದು ಅಣು ನೀರಿಗೆ ಒಂದು ಅಣು ಅಯೋಡಿನ್ ಖರ್ಚಾಗುತ್ತದೆ. ನೀರು ಇರುವ ತನಕ ಅಯೋಡಿನ್ನಿನ ಕಂದು ಮಾಯವಾಗುತ್ತಿರುತ್ತದೆ, ನೀರು ತೀರಿದ ಕ್ಷಣ ಬಣ್ಣ ನಿಲ್ಲುತ್ತದೆ. ಅಮೋನಿಯಾ ಹಾರಿಹೋಗುವ ಭಯವಿಲ್ಲ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಪಿರಿಡಿನ್ನಿನ ಕೊಳೆತ ಮೀನಿನಂಥ ನಾತವನ್ನು ಸಹಿಸಿಕೊಂಡ ಹಳೆಯ ತಲೆಮಾರಿನವರು ಅದರ ಬದಲಿಗೆ ಇಮಿಡಜೋಲ್ ಬಂದಾಗ ನಿಟ್ಟುಸಿರು ಬಿಟ್ಟಿರಬೇಕು.

ಈ ವಿದ್ಯೆ ಭಾರತಕ್ಕೆ ಬಂದ ಬಗೆಯಲ್ಲಿ ಒಂದು ಮನೆತನದ ಎಳೆಯಿದೆ. ಗ್ವಾನೋ ಕಲಬೆರಕೆಯನ್ನು ಬಯಲಿಗೆಳೆದ ಅಗಸ್ಟಸ್ ವೋಲ್ಕರರ ಮಗ ಜಾನ್ ಅಗಸ್ಟಸ್ ವೋಲ್ಕರ್ 1889ರಲ್ಲಿ ಭಾರತಕ್ಕೆ ಬಂದು, ದೇಶ ಸುತ್ತಿ, ಇಲ್ಲಿನ ಬೇಸಾಯದ ಸುಧಾರಣೆ ಕುರಿತ ವರದಿಯನ್ನು 1893ರಲ್ಲಿ ಹೊರತಂದರು. ಇಲ್ಲಿನ ರೈತನಿಗೆ ಕಲಿಸಬೇಕಾದದ್ದು ಹೊರಗಿನವರು ಎಣಿಸಿದಷ್ಟಿಲ್ಲ, ಅವನಿಗೆ ಕೊರತೆಯಿರುವುದು ಗೊಬ್ಬರ ಮತ್ತು ನೀರು ಎಂಬುದು ಆ ವರದಿಯ ಒಟ್ಟು ಧಾಟಿ. 1892ರಲ್ಲಿ ವಾಲ್ಟರ್ ಲೆದರ್ ಭಾರತ ಸರ್ಕಾರದ ಕೃಷಿ ರಸಾಯನಜ್ಞರಾಗಿ ಬಂದರು. ಮೈಸೂರು ಸಂಸ್ಥಾನ ಹೆಚ್ಚು ತಡ ಮಾಡಲಿಲ್ಲ: 1899ರ ಹೊತ್ತಿಗೆ ಬೆಂಗಳೂರಿನಲ್ಲಿ ಡಾ. ಲೇಮನ್ ಅವರ ಕೈಕೆಳಗೆ ಕೃಷಿ ರಸಾಯನ ಪ್ರಯೋಗಾಲಯ ನಡೆಯುತ್ತಿತ್ತು, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಹೆಬ್ಬಾಳದ ಪ್ರಯೋಗ ಕ್ಷೇತ್ರ ತೆರೆಯಿತು. ಆ ಕಾಲಕ್ಕೆ ಇಲ್ಲಿ ದುಡ್ಡು ಕೊಟ್ಟು ಕೊಳ್ಳುವ ಗೊಬ್ಬರವೆಂದರೆ ಹೊಂಗೆ, ಹರಳು, ಬೇವಿನ ಹಿಂಡಿ, ಮೂಳೆಪುಡಿ, ಕರಾವಳಿಯ ಮೀನುಗೊಬ್ಬರ. ಮಲೆನಾಡಿನ ಕಾಫಿ ತೋಟಗಳೇ ದೊಡ್ಡ ಗಿರಾಕಿ.

ಬೆಂಗಳೂರಿನ ಹೆಸರು ಈ ಚರಿತ್ರೆಯಲ್ಲಿ ಕಾಂಪೋಸ್ಟ್ ಮೂಲಕವೂ ಸೇರಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಊರಿನ ಕಸ, ಮಲವನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಡುತ್ತಾರೆ, ಮಗುಚುವುದಿಲ್ಲ. ಮಗುಚಿದರೆ ತೇವವೂ ಸಾರಜನಕವೂ ಗಾಳಿಗೆ ಹೋಗುತ್ತವೆ. ಮಣ್ಣಿನ ಮುಚ್ಚಳದ ಕೆಳಗೆ ಎರಡೂ ಹೆಚ್ಚು ಉಳಿಯುತ್ತವೆ. ಉಳಿದದ್ದು ಎಷ್ಟೆಂದು ಹೇಳಲು ಕೆಲ್ಡಾಲ್ ಫ್ಲಾಸ್ಕ್ ಬೇಕೇ ಬೇಕು.

ಭಾರತದಲ್ಲಿ ರಾಸಾಯನಿಕ ಗೊಬ್ಬರ 1906ರಲ್ಲಿ ರಾಣಿಪೇಟೆಯ ಸೂಪರ್‌ಫಾಸ್ಫೇಟ್ ಕಾರ್ಖಾನೆಯಿಂದ ಶುರುವಾಗಿ, ಮೈಸೂರು ಬಳಿಯ ಬೆಳಗೊಳ, ಕೇರಳದ ಆಲುವಾ, 1951ರಲ್ಲಿ ಸಿಂದ್ರಿ, 1976ರಲ್ಲಿ ಮಂಗಳೂರಿನ ಪಣಂಬೂರು ಎಂದು ಹರಡಿತು. ಪಣಂಬೂರಿನಂಥ ಕಡಲಂಚಿನ ಜಾಗದಲ್ಲಿ ತೇವ ಪುಸ್ತಕದ ವಿಷಯವಲ್ಲ. 30 ಡಿಗ್ರಿ ಬಿಸಿಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 73 ದಾಟಿದರೆ ಯೂರಿಯಾ ಗಾಳಿಯಿಂದಲೇ ನೀರು ಹೀರತೊಡಗುತ್ತದೆ. ಆಷಾಢದ ಮಂಗಳೂರಿನಲ್ಲಿ ಅದು ದಿನನಿತ್ಯದ ಗಾಳಿ. ಹೀರಿದ ನೀರಿನಲ್ಲಿ ಕಾಳಿನ ಮೈ ಕರಗಿ, ಬಿಸಿಲು ಬಂದಾಗ ಒಣಗಿ, ಕಾಳು ಕಾಳಿಗೆ ಅಂಟಿ ಚೀಲ ಕಲ್ಲಾಗುತ್ತದೆ.

ಅಗತ್ಯ ವಸ್ತುಗಳ ಕಾಯ್ದೆಯಡಿ 1957ರಲ್ಲಿ ಹೊರಟ ರಸಗೊಬ್ಬರ ನಿಯಂತ್ರಣ ಆದೇಶ, 1985ರ ಹೊಸ ಆದೇಶದ ರೂಪದಲ್ಲಿ ಇಂದಿಗೂ ಜಾರಿಯಲ್ಲಿದೆ. ಯಾವ ಗೊಬ್ಬರದಲ್ಲಿ ಎಷ್ಟು ಸತ್ವ ಇರಲೇಬೇಕು, ಎಷ್ಟು ತೇವ ಮೀರಬಾರದು ಎಂಬ ಪಟ್ಟಿ ಅದರಲ್ಲೇ ಇದೆ. ಯೂರಿಯಾಕ್ಕೆ ತೇವಾಂಶದ ಮಿತಿ ಶೇ 1, ಎಂಒಪಿಗೆ ಶೇ 0.5, ಡಿಎಪಿಗೆ ಶೇ 2.5. ಪುಡಿ ರೂಪದ ಸಿಂಗಲ್ ಸೂಪರ್‌ಫಾಸ್ಫೇಟ್‌ಗೆ ಶೇ 12. ಅಂದರೆ 50 ಕಿಲೋ ಮೂಟೆಯಲ್ಲಿ 6 ಕಿಲೋ ನೀರು ಕಾನೂನಿನ ಒಪ್ಪಿಗೆಯಿಂದಲೇ ಇರಬಹುದು. ಅದೇ ಮೂಟೆಯಲ್ಲಿ ಗಿಡಕ್ಕೆ ಸಿಗುವ ರಂಜಕ ಇರಬೇಕಾದದ್ದು ಆಕ್ಸೈಡ್ ಲೆಕ್ಕದಲ್ಲಿ ಶೇ 16, ಎಂದರೆ 8 ಕಿಲೋ. ವಿಶ್ಲೇಷಕರಿಗೆ ತರಬೇತಿ ಕೊಡುವ ಕೇಂದ್ರ ಸಂಸ್ಥೆ 1976ರಿಂದ ಫರೀದಾಬಾದಿನಲ್ಲಿದೆ.

ಮಾದರಿ ತೆಗೆಯುವುದೇ ಅರ್ಧ ಪರೀಕ್ಷೆ. ಪರಿವೀಕ್ಷಕರು ಚೀಲದ ಮೂಲೆಯಿಂದ ಮೂಲೆಗೆ ಲೋಹದ ಕೊಳವೆ ತೂರಿಸಿ ಕಾಳು ತೆಗೆಯುತ್ತಾರೆ. ಬಾಯಿಯ ಬಳಿಯ ಹಿಡಿಯನ್ನಷ್ಟೇ ತೆಗೆದರೆ ಗಾಳಿಯ ತೇವ ಹೀರಿದ ಕಾಳೇ ಬರುತ್ತದೆ. ತೆಗೆದದ್ದನ್ನೆಲ್ಲ ಬೆರೆಸಿ, ಗುಡ್ಡೆ ಮಾಡಿ, ನಾಲ್ಕು ಪಾಲು ಹಾಕಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಹಾಗೆಯೇ ಇಳಿಸುತ್ತಾರೆ. ಕಡೆಗೆ ಸುಮಾರು 400 ಗ್ರಾಂನ ಮೂರು ಪೊಟ್ಟಣ: ಒಂದು ಪ್ರಯೋಗಾಲಯಕ್ಕೆ, ಒಂದು ವ್ಯಾಪಾರಿಗೆ, ಒಂದು ತಕರಾರು ಬಂದರೆ ಇರಲೆಂದು ಇಲಾಖೆಯ ಕಪಾಟಿಗೆ. ಮೂರಕ್ಕೂ ಅರಗಿನ ಮೊಹರು.

ತೇವ ಮತ್ತು ಸತ್ವ ಒಂದೇ ಲೆಕ್ಕದಲ್ಲಿ ಕೂಡುವುದು ಯೂರಿಯಾದಲ್ಲಿ. ಶುದ್ಧ ಯೂರಿಯಾದಲ್ಲಿ ಸಾರಜನಕ ಶೇ 46.6ರಷ್ಟಿದ್ದರೆ, ಆದೇಶ ಕೇಳುವುದು ಕನಿಷ್ಠ ಶೇ 46, ಅದೂ ಒಣ ತೂಕದ ಮೇಲೆ. ಪೊಟ್ಟಣದಿಂದ ತೆಗೆದ ಮಾದರಿಯಲ್ಲಿ ಶೇ 45.6 ಸಾರಜನಕ ಸಿಕ್ಕಿತು, ತೇವಾಂಶ ಶೇ 0.9 ಇತ್ತು ಎಂದಿಟ್ಟುಕೊಂಡರೆ, 45.6ನ್ನು 0.991ರಿಂದ ಭಾಗಿಸಿದಾಗ 46.01 ಬರುತ್ತದೆ, ಮಾಲು ಪಾಸು. ಅದೇ ಮಾದರಿಯ ತೇವಾಂಶವನ್ನು ಅಳೆದವರು 0.5 ಎಂದು ಬರೆದರೆ ಉತ್ತರ 45.83ಕ್ಕೆ ಇಳಿದು ಮಾಲು ಫೇಲಿನ ಅಂಚಿಗೆ ಬರುತ್ತದೆ. ಸಾರಜನಕದ ಸಂಖ್ಯೆ ಎಷ್ಟೇ ನಿಖರವಿರಲಿ, ತೀರ್ಪು ತೇವಾಂಶದ ಕೈಯಲ್ಲಿದೆ. ಯೂರಿಯಾದ ಬೈಯೂರೆಟ್ ಶೇ 1.5 ಮೀರಬಾರದು ಎಂಬ ಇನ್ನೊಂದು ನಿಯಮವಿದೆ. ತಾಮ್ರದ ಲವಣದೊಂದಿಗೆ ಅದು ಕೊಡುವ ನೇರಳೆ ಬಣ್ಣದ ಗಾಢತೆಯಿಂದ ಪ್ರಮಾಣ ತಿಳಿಯುತ್ತದೆ. ಎಲೆಗೆ ಸಿಂಪಡಿಸುವ ಯೂರಿಯಾದಲ್ಲಿ ಅದು ಹೆಚ್ಚಾದರೆ ಎಲೆಯ ತುದಿ ಸುಡುತ್ತದೆ.

2006ರಲ್ಲಿ ಎರೆಗೊಬ್ಬರ, ನಗರ ಕಾಂಪೋಸ್ಟ್‌ಗಳೂ ಆದೇಶದ ಪಟ್ಟಿಗೆ ಸೇರಿದವು. ಅವುಗಳ ತೇವಾಂಶಕ್ಕೆ ಶೇ 15ರಿಂದ 25ರ ಮಿತಿ ಗೊತ್ತಾಯಿತು. ಇಲ್ಲಿ ಕೆಳಗಿನ ಮಿತಿಯೂ ಇದ್ದದ್ದು ಗಮನಿಸಬೇಕಾದ್ದು: ಪೂರ್ತಿ ಒಣಗಿದ ಎರೆಗೊಬ್ಬರ ಧೂಳಾಗುತ್ತದೆ, ಅದರೊಳಗಿನ ಜೀವಿಗಳು ಸಾಯುತ್ತವೆ. ಬಂಡಿಯ ಲೆಕ್ಕದಲ್ಲಿ ಅಳೆಯದೇ ಬಿಟ್ಟಿದ್ದ ತಿಪ್ಪೆಯ ಸಂತತಿಯೂ ಹೀಗೆ ಓವನ್ನಿನ ಬಾಗಿಲಿಗೆ ಬಂದು ನಿಂತಿತು. ಅತ್ತ ಕೆಲ್ಡಾಲ್ ಫ್ಲಾಸ್ಕಿನ ಆಮ್ಲದ ಹೊಗೆ, ವೇಗ ಹೆಚ್ಚಿಸಲು ಹಾಕುತ್ತಿದ್ದ ಪಾದರಸದ ವಿಷ ಬೇಡವೆನಿಸಿದ ಪ್ರಯೋಗಾಲಯಗಳು ಮಾದರಿಯನ್ನು ಆಮ್ಲಜನಕದಲ್ಲಿ ಸುಟ್ಟು, ಹೊರಟ ಸಾರಜನಕವನ್ನು ಕೆಲವೇ ನಿಮಿಷದಲ್ಲಿ ಅಳೆಯುವ ಸ್ವಯಂಚಾಲಿತ ಯಂತ್ರಗಳನ್ನು ತರಿಸಿಕೊಂಡಿವೆ. ಆ ಯಂತ್ರದ ತತ್ವ ಡ್ಯೂಮಾ ಅವರದು. ಕೆಲ್ಡಾಲ್‌ಗಿಂತ ಐವತ್ತು ವರ್ಷ ಹಳೆಯದು.